ತಳ್ಳಿದರೆ ಹೊರಡುವ ಡಕೋಟ

ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿಯಿಂದ ಸುಟ್ಟ ವಾಸನೆ ಬಂತು. ಮಗಳು ಸ್ವಿಚ್ಚು ತಿರುಗಿಸಿ ನೋಡಿ, "ತೋಪಾಯ್ತಮ್ಮ" ಎಂದಳು. ನೋಡಿ, ಕೋಟೆ ಒಡೆಯುತ್ತಿದ್ದ ತೋಪು ಈಗಿನವರ ಬಾಯಲ್ಲಿ ಕೆಟ್ಟ ಮಿಕ್ಸಿಯಾಗಿದೆ! ನಮ್ಮ ಯಜಮಾನರು ಬದುಕಿದ್ದಿದ್ದರೆ "ಡಕೋಟ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಯಿತು.

ಡಕೋಟ ಎಂದರೆ ಹಿಂದೆ ವಿಮಾನವಂತೆ. ಆಕಾಶದಲ್ಲಿ ಮೆರೆದದ್ದು ಯಾವಾಗ ನೆಲಕ್ಕಿಳಿದು ಲಟಾರಿ ಬಸ್ಸಾಯಿತೋ, ನನ್ನನ್ನು ಕೇಳಬೇಡಿ. ನನ್ನ ತವರು ನರಸೀಪುರ. ಅಪ್ಪನ ಎದುರು ಇಂಥ ಪೋಲಿ ಮಾತಾಡಿದರೆ ಬೆನ್ನಿಗೆ ಬೀಳುತ್ತಿತ್ತು. ನಾನದನ್ನು ಮೊದಲು ಕೇಳಿದ್ದು ಹುಲ್ಲಹಳ್ಳಿ ಶಾಲೆಗೆ ಟೀಚರಾಗಿ ಬಂದಮೇಲೆ, ಸಂಜೆ ನಂಜನಗೂಡಿಗೆ ಹೊರಡುವ ಬಸ್ಸಿನಲ್ಲಿ. ಅದು ತಳ್ಳದೆ ಸ್ಟಾರ್ಟ್ ಆದದ್ದೇ ಇಲ್ಲ. ಕಂಡಕ್ಟರ್ ಸೀಟಿ ಊದಿದರೆ ಸಾಕು, ಗಂಡಸರೆಲ್ಲ ಕೈಯಲ್ಲಿದ್ದದ್ದನ್ನು ಹತ್ತಿರ ಕೂತ ಹೆಂಗಸರ ಮಡಿಲಿಗೆ ಹಾಕಿ ಇಳಿಯುತ್ತಿದ್ದರು. ಅದು ಅಲ್ಲಿಯ ರೂಢಿ. ಒಂದು ದಿನ ನನ್ನ ಮಡಿಲಿಗೂ ಬದನೆಕಾಯಿ ಚೀಲವೊಂದು ಬಿತ್ತು. ಹಾಕಿದವರು ನಗುತ್ತಾ ಅಂದರು:

"ವಸಿ ಇಟ್ಕಳಿ ಮೇಡಮ್ಮೋರೇ. ಡಕೋಟ ಕಣ್ರೀ, ತಳ್ದೇ ಇದ್ರೆ ಓಯ್ತದಾ?"

ಮಾರನೆಯ ದಿನವೂ ಅದೇ ಚೀಲ, ಅದೇ ನಗು. ಬಸ್ಸಿನಲ್ಲಿ ಬೇರೆ ಮಡಿಲೇ ಇರಲಿಲ್ಲವೇ, ಹೇಳಿ? ಆ ಬಸ್ಸು ತಾನಾಗಿ ಸ್ಟಾರ್ಟ್ ಆಗಿದ್ದರೆ ನನಗೆ ಮದುವೆಯೇ ಆಗುತ್ತಿರಲಿಲ್ಲವೇನೋ.

ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಮಾತು ಮನೆಯೆಲ್ಲ ಸುತ್ತಿತು. ಪಂಪ್‌ಸೆಟ್ಟು ಡಕೋಟ, ರೇಡಿಯೋ ಡಕೋಟ, ಪ್ರೀತಿ ಉಕ್ಕಿದಾಗ ನಾನೂ ಡಕೋಟ! ಮೂರು ಹೊತ್ತೂ ಇದೇ ಆಯಿತಲ್ಲ ಎಂದು ಮುಖ ಊದಿಸಿಕೊಳ್ಳುತ್ತಿದ್ದೆ. ಕೊನೆಗೆ ಕಾಯಿಲೆ ಬಿದ್ದು, ಜಗುಲಿಯಿಂದ ಏಳಲಾರದೆ, "ನಾನೇ ಡಕೋಟ ಆದೆ ಕಣೆ. ವಸಿ ತಳ್ಳು" ಎಂದರು. ಬೆನ್ನಿಗೆ ಕೈ ಕೊಟ್ಟೆ, ನಗುತ್ತಲೇ ಎದ್ದರು. ಕೆಲವು ತಿಂಗಳು ಹಾಗೇ ನಡೆಯಿತು. ಆಮೇಲೆ ನನ್ನ ಕೈ ಸಾಲಲಿಲ್ಲ.

ಈಗ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ. ಎಲ್ಲರೂ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಅಯ್ಯೋ, ಯಾರಿಗೆ ಬೇಕಿತ್ತು ಈ ಮರ್ಯಾದೆ!

"ಹೊಸ ಮಿಕ್ಸಿ ತರೋಣ, ಏಳಮ್ಮ" ಎಂದಳು ಮಗಳು. ಏಳಹೋದೆ, ಮಂಡಿ ಹಿಡಿಯಿತು. ಹುಟ್ಟಿದಾಗಿನಿಂದ ಆಡದ ಮಾತು ಬಾಯಿಂದ ಬಂದೇಬಿಟ್ಟಿತು.

"ಡಕೋಟ ಕಣೆ. ವಸಿ ತಳ್ಳು."

ಮಗಳ ಕೈ ಬೆನ್ನಿಗೆ ಬಂತು. ನಗುತ್ತಾಳೆಂದುಕೊಂಡೆ, ನಗಲಿಲ್ಲ.

"ಇನ್ನೊಂದ್ಸಲ ಅನ್ನಮ್ಮ" ಎಂದಳು. "ಅಪ್ಪ ಅಂದಂಗೇ ಇತ್ತು."