ಬೆರಳಿಗೆ ಗೊತ್ತಿದ್ದ ಮುಖ

ಅವನಿಗೆ ಗಡ್ಡವೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ಆದರೂ ಸ್ಟುಡಿಯೋದಲ್ಲಿ ಎಲ್ಲರಿಗೂ ಅವನು ಗಡ್ಡದ ಮಾವ. ಅರ್ಧಕ್ಕರ್ಧ ನಟರು ಅವನು ಅಂಟಿಸಿದ ಗಡ್ಡದಲ್ಲೇ ಮುದುಕರಾಗಿ, ಸೈನಿಕರಾಗಿ, ಕಳ್ಳರಾಗಿ ಹೊಟ್ಟೆ ಹೊರೆದುಕೊಂಡಿದ್ದರು. ಇದ್ದ ಮುಖವನ್ನು ಇಲ್ಲದಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ.

ಅಂಥವನಿಗೆ ಒಂದು ವರ್ಷದಿಂದ ಕಣ್ಣು ಮಂಜಾಗಿತ್ತು. ವೈದ್ಯರು ಕಣ್ಣಿಗೆ ಹಾಕುವ ಹನಿ ಕೊಟ್ಟು, ಇದ್ದದ್ದು ಉಳಿದರೆ ಸಾಕೆಂದುಕೊಳ್ಳಿ ಎಂದಿದ್ದರು. ವಿಷಯ ಗೊತ್ತಿದ್ದದ್ದು ಜೊತೆಯಲ್ಲೇ ವಾಸವಿದ್ದ ಅಕ್ಕನಿಗೆ ಮಾತ್ರ. ಕೆಲಸದಲ್ಲಿ ಅವನು ಕುರ್ಚಿಯಲ್ಲಿ ಕೂತವರೊಡನೆ ಬಿಡದೆ ಹರಟೆ ಹೊಡೆಯುತ್ತಿದ್ದ. ದನಿ ಬಂದ ಕಡೆ ಬಾಯಿ ಇರುತ್ತದೆ, ಬಾಯಿಯ ಮೇಲೆ ಮೂಗು. ಅಲ್ಲಿಂದ ಮುಂದೆ ಬೆರಳಿನ ಪಾಡು. ಆದರೆ ಅಂಟು ಬಿಡಿಸುವ ಸ್ಪಿರಿಟ್ಟು ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಅದನ್ನು ಹಿಡಿದವನಿಗೇ ಕಾಣುವುದಿಲ್ಲವೆಂದು ಗೊತ್ತಾದರೆ ಯಾವ ನಟ ತಾನೇ ಮುಖ ಕೊಡುತ್ತಾನೆ? ಈ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ; ಕಲಿಯುವ ಆಸೆಯೂ ಇರಲಿಲ್ಲ.

ಹೀಗಿರುವಾಗ ಕೊಲೆಯ ಸಿನಿಮಾವೊಂದು ಬಂತು. ಒಂದು ಮನೆ, ಒಂದು ಹೆಣ, ವೇಷ ಮರೆಸಿಕೊಂಡ ನಾಲ್ವರು ನಟರು. ಯಾರು ಯಾರೆಂದು ಪ್ರೇಕ್ಷಕರಿಗೆ ಕೊನೆಯವರೆಗೂ ಗೊತ್ತಾಗಬಾರದು. ಮೂವರದ್ದು ಗಡ್ಡ, ಟೋಪಿ, ಕನ್ನಡಕದಲ್ಲಿ ಮುಗಿಯುವ ಕೆಲಸ. ನಾಲ್ಕನೆಯವನು ನಾಯಕ. ಅವನು ರಬ್ಬರಿನ ಮುಖ ತೊಟ್ಟು ಮನೆಗೆಲಸದ ಮುದುಕಿಯಾಗಬೇಕಿತ್ತು. ನಿರ್ದೇಶಕ ಮುದುಕಿಯ ಚಿತ್ರ ಬರೆಸಿ ಕೊಟ್ಟು ಹೇಳಿದ:

"ಇವನ ಹೆಂಡ್ತಿನೇ ಕರೆಸ್ತೀನಿ. ಅವಳು ಗುರುತು ಹಿಡಿದ್ಲು ಅಂದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ ಮಾವ."

ಮಾವ ಚಿತ್ರವನ್ನು ಮೂಗಿಗೆ ತಾಗಿಸಿ ನೋಡಿದ. ಬೂದುಬಣ್ಣದ ಕಲೆಯೊಂದು ಕಂಡಿತು, ಅಷ್ಟೇ. ಹಾಗೆಂದು ಹೇಳುವಂತಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ರಬ್ಬರು ಎರೆಯುವ ಮಣ್ಣಿನ ಅಚ್ಚಿನ ಮೇಲೆ ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟ. ಅವು ಎಲ್ಲೂ ತಡವರಿಸಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಪರೀಕ್ಷೆಯ ಬೆಳಿಗ್ಗೆ ಕತ್ತಲಿರುವಾಗಲೇ ಮನೆ ಬಿಟ್ಟಿದ್ದ. ಆ ಗಡಿಬಿಡಿಯಲ್ಲಿ ಕಣ್ಣಿನ ಹನಿಯನ್ನು ಮನೆಯಲ್ಲೇ ಮರೆತು ಬಂದಿದ್ದ. ರಬ್ಬರಿನ ಅಂಚು ಚರ್ಮದಲ್ಲಿ ಸೇರಿಹೋಗುವವರೆಗೆ ತೀಡಿ, ನಾಯಕನ ತಲೆಗೆ ಬಟ್ಟೆ ಕಟ್ಟಿ, ಬಕೆಟ್ಟಿನ ಪಕ್ಕ ಕೂರಿಸಿದ. ನಿರ್ದೇಶಕ ಒಂದು ಸುತ್ತು ಬಂದ.

"ಚಿತ್ರದಲ್ಲಿ ಕೆನ್ನೆ ಹೀಗೆ ಒಳಗೆ ಹೋಗಿರ್ಲಿಲ್ವಲ್ಲ?"

"ಹಲ್ಲು ಹೋದ ಮುದುಕಿ ಅಲ್ವಾ ಸಾರ್."

ನಿರ್ದೇಶಕ ಇನ್ನೊಂದು ಸುತ್ತು ಬಂದ. ಅವನ ಮುಖ ಕಾಣದೆ ಮಾವ ಹೆಜ್ಜೆಯ ಸದ್ದನ್ನೇ ಆಲಿಸಿದ.

ಅಷ್ಟರಲ್ಲಿ ನಾಯಕನ ಹೆಂಡತಿ ಬಂದಳು. ಅವಳ ಚಪ್ಪಲಿಯ ಸದ್ದು ಕೋಣೆಯೆಲ್ಲ ಸುತ್ತಿ, ಬಕೆಟ್ಟಿನ ಹತ್ತಿರವೇ ನಿಂತಿತು.

"ಅಜ್ಜಿ, ನಮ್ಮನೆಯವ್ರು ಎಲ್ಲಿದಾರೆ, ನೋಡಿದ್ರಾ?"

ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿರ್ದೇಶಕ ಮಾವನ ಬೆನ್ನು ತಟ್ಟಿದ. ಬದುಕಿದೆ ಎಂದುಕೊಂಡ ಮಾವ.

ಆ ನಗುವಿನ ನಡುವೆಯೇ ಬಾಗಿಲ ಕಡೆಯಿಂದ ಅಕ್ಕನ ದನಿ ಕೇಳಿಸಿತು. "ಹನಿ ಮರೀಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ..." ಮಾತು ಅರ್ಧಕ್ಕೇ ನಿಂತಿತು. ಹನಿಯ ಸೀಸೆ ನೆಲಕ್ಕೆ ಬಿದ್ದು ಒಡೆಯಿತು.

"ಅಮ್ಮ," ಎಂದಳು ಅಕ್ಕ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅತ್ತಳು. "ಎದುರಿಗೆ ನಿಂತ್ರೆ ನನ್ನ ಮುಖಾನೇ ನಿಂಗೆ ಕಾಣಲ್ಲ. ಅಮ್ಮನ್ನ ಹೇಗೋ ಮಾಡಿದೆ?"

ಅವನಿಗೂ ತಿಳಿದದ್ದು ಆಗಲೇ. ತೀರಿಕೊಳ್ಳುವ ಮುನ್ನ ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ದಿನವೂ ಅವಳ ಮುಖ ತೊಳೆದು, ತುತ್ತು ಕೊಟ್ಟು, ಬಾಯಿ ಒರೆಸಿದ್ದು ಇವೇ ಬೆರಳುಗಳು. ಅವಕ್ಕೆ ಗೊತ್ತಿದ್ದದ್ದು ಒಂದೇ ಒಂದು ಮುದುಕಿಯ ಮುಖ.

ನಗು ನಿಂತುಹೋಗಿತ್ತು.

"ಕಣ್ಣು ಕಾಣಲ್ವಾ ಮಾವ?" ನಿರ್ದೇಶಕ ಕೇಳಿದ.

ಮಾವ ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ. "ಸರಿಯಾಗಿ ಕಾಣಲ್ಲ ಸಾರ್. ವರ್ಷ ಆಯ್ತು."

"ಆ ಸ್ಪಿರಿಟ್ಟು ಯಾರ ಕಣ್ಣಿಗಾದ್ರೂ ಬಿದ್ದಿದ್ರೆ?"

ಮಾವ ತನಗೆ ತಾನೇ ಅದನ್ನು ದಿನಾ ಕೇಳಿಕೊಂಡಿದ್ದ, ದಿನಾ ನಾಚಿಕೆಪಟ್ಟಿದ್ದ, ಮರುದಿನ ಮತ್ತೆ ಕೆಲಸಕ್ಕೆ ಬಂದಿದ್ದ.

"ಬೇರೆ ಯಾರಾದ್ರೂ ಬಂದು ಇದನ್ನ ಬಿಚ್ಚಿ," ಎಂದ ನಿರ್ದೇಶಕ. ಯಾರೋ ಸ್ಪಿರಿಟ್ಟಿನ ಬಾಟಲಿ ಎತ್ತಿಕೊಂಡರು. ಮಾವ ಗೋಡೆ ತಡವುತ್ತ ಬಾಗಿಲ ಕಡೆ ಸರಿದ.

ಬಕೆಟ್ಟು ಕದಲಿದ ಸದ್ದಾಯಿತು. ನಾಯಕ ಎದ್ದು ಬಂದು, ಮಾವನ ತೋಳು ಹಿಡಿದು ಕರೆತಂದು, ಬಾಟಲಿಯನ್ನು ಅವನ ಅಂಗೈಯಲ್ಲಿಟ್ಟ. ತಾನು ಕುರ್ಚಿಯಲ್ಲಿ ಕೂತ.

"ನಿಧಾನಕ್ಕೆ ತೆಗಿ ಮಾವ. ಕಣ್ಣು ಮುಚ್ಕೊಂಡಿದೀನಿ."

ಮಾವ ಆ ಕೆನ್ನೆಯನ್ನು ಮುಟ್ಟಿ, ಬಾಟಲಿಯನ್ನು ಅಕ್ಕನತ್ತ ಚಾಚಿದ.

"ನೀನು ಹಚ್ಚು ಅಕ್ಕ," ಎಂದ. "ಅಂಚು ಎಲ್ಲಿದೆ ಅಂತ ನಾನು ಬೆರಳಿಟ್ಟು ತೋರಿಸ್ತೀನಿ."