ಟವೆಲ್ಲಿನ ಕೆಳಗಿನ ಬೆರಳು

ಗುಪ್ತ ಮತದಾನ ಯಾಕೆ ಬೇಕು ಎಂದು ದೇಶದಿಂದ ದೇಶಕ್ಕೆ ತಿರುಗಿ ಹೇಳುವುದೇ ಮುಂದೆ ನನ್ನ ಹೊಟ್ಟೆಪಾಡಾಯಿತು. ಅದಕ್ಕೂ ಮೊದಲು ದೆಹಲಿಯಲ್ಲಿ ಕುಳಿತು ಆಮದು ಸುಂಕಕ್ಕಾಗಿ ಪರದೇಶದವರೊಂದಿಗೆ ಜಗ್ಗಾಡುವ ನೌಕರಿ. ಎರಡನ್ನೂ ನಾನು ಕಲಿತದ್ದು ಖಾನಾಪುರದ ದನದ ಸಂತೆಯಿಂದ.

ಅಜ್ಜ ಅಲ್ಲಿ ದಲಾಲಿ ಮಾಡುತ್ತಿದ್ದ. ಎತ್ತಿನ ಬೆಲೆಯನ್ನು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಕೊಳ್ಳುವವನ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಿದ್ದ. ಒಳಗೆ ಬೆರಳು ಹಿಡಿದೇ ಚೌಕಾಸಿ, ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಸುತ್ತ ನಿಂತವರಿಗೆ ಅಲುಗಾಡುವ ಟವೆಲ್ ಮಾತ್ರ ಕಾಣುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯಲ್ಲಿ ಬಿ.ಎ. ಮುಗಿಸಿದ ನನಗೆ ದೆಹಲಿಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೀಟು ಸಿಕ್ಕಿತು. ನಮ್ಮೂರು ಪಾರಿಶ್ವಾಡದ ಮನೆಯಲ್ಲಿ ಅಜ್ಜ, ಹುಡುಗಿ ಅಷ್ಟು ದೂರ ಹೋಗುವುದು ಬೇಡವೆಂದ. ಅವನು ಬೇಡವೆಂದರೆ ಮುಗಿಯಿತು. ಅಪ್ಪ, ಕಾಕಾ ಇಬ್ಬರೂ ಊರ ಮುಂದೆ ಮೀಸೆ ತಿರುವುವವರೇ, ಅಜ್ಜನ ಮುಂದೆ ಮಾತ್ರ ಬಾಯಿಗೆ ಬೀಗ. ಅವ್ವನಿಗಂತೂ ಮಾವನೆದುರು ಮಾತಾಡುವ ರೂಢಿಯೇ ಇರಲಿಲ್ಲ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ರೊಟ್ಟಿ ಮುಟ್ಟದೆ ಕುಳಿತೆ.

ಅಜ್ಜಿ ಬಂದು ಅಜ್ಜನ ಹೆಗಲ ಮೇಲಿನ ಟವೆಲ್ ಎಳೆದುಕೊಂಡಳು.

"ಸಂತ್ಯಾಗ ನೀವು ಮಾಡೂ ಹಂಗ ಮನ್ಯಾಗೂ ಮಾಡೂಣ್ರಿ. ಹೋಗ್ಲಿ ಅನ್ನಾವ್ರು ನನ್ನ ಒಂದು ಬೆರಳು ಹಿಡೀರಿ, ಬ್ಯಾಡ ಅನ್ನಾವ್ರು ಎರಡು."

ಸಂತೆಯ ಪದ್ಧತಿಯನ್ನು ಅಜ್ಜ ಹೇಗೆ ತಪ್ಪೆಂದಾನು? ಗೊಣಗುತ್ತ ಅವನೂ ಕೈ ಚಾಚಿದ. ಅಜ್ಜಿ ಒಬ್ಬೊಬ್ಬರ ಮುಂದೆ ಕುಳಿತು ಎದ್ದಳು. ಅವ್ವನ ಸರದಿ ಬಂದಾಗ ನಾನು ಹತ್ತಿರ ಸರಿದೆ. ಅವಳ ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಕೊನೆಗೆ ಟವೆಲ್ ಕೊಡವಿದ ಅಜ್ಜಿ, ನನ್ನ ಟ್ರಂಕು ಅಟ್ಟದಿಂದ ಇಳಿಸಲು ಕಾಕಾನಿಗೆ ಹೇಳಿದಳು.

ಯಾರದು ಒಂದು, ಯಾರದು ಎರಡು ಎಂದು ಅಜ್ಜ ಗದರಿ ಕೇಳಿದ.

"ಟವೆಲ್ ಕೆಳಗಿಂದು ದಲಾಲ ಯಾವತ್ತರ ಹೇಳ್ತಾನೇನ್ರಿ?"

ಅಜ್ಜನೊಬ್ಬನ ಹೊರತು ಎಲ್ಲರೂ ನಕ್ಕೆವು. ಮುಂದೆ ನಾನು ಎಷ್ಟು ಗೋಗರೆದರೂ ಅಜ್ಜಿ ಸಾಯುವತನಕ ಆ ಗುಟ್ಟು ಬಿಡಲಿಲ್ಲ.

ಬೆಳಗಾವಿ ಸ್ಟೇಷನ್ನಿಗೆ ಬರುವುದಿಲ್ಲ ಎಂದಿದ್ದ ಅಜ್ಜ ಹೊರಡುವ ದಿನ ಬಂದ. ಗಾಡಿ ತಡವಾಯಿತೆಂದು ರೈಲ್ವೆಯವರನ್ನು ಬೈದ, ಟ್ರಂಕಿನ ಕೀಲಿ ಸರಿಯಿಲ್ಲವೆಂದು ಅಪ್ಪನನ್ನು ಬೈದ, ನನ್ನೊಂದಿಗೆ ಮಾತ್ರ ಮಾತಿಲ್ಲ. ಸೀಟಿ ಕೇಳಿದಾಗ ಡಬ್ಬಿಯ ಬಾಗಿಲಿಗೆ ಬಂದು ನನ್ನ ಕೈ ಹಿಡಿದ. ಮೇಲೆ ಟವೆಲ್ ಹೊದಿಸಿ, ಒಂದೇ ಒಂದು ಬೆರಳನ್ನು ಗಟ್ಟಿಯಾಗಿ ಒತ್ತಿದ.

ಅವತ್ತು ಮನೆಯಲ್ಲಿ ಅವನು ಹಿಡಿದದ್ದೂ ಇದೇನಾ ಎಂದು ನಾನು ಕೇಳಲಿಲ್ಲ. ನಾನೂ ದಲಾಲನ ಮೊಮ್ಮಗಳೇ.