ಚಿಕ್ಕಮ್ಮನ ಒಂಟಿ ಸೀನು

ಪೋಂಯ್, ಪೋಂಯ್. ರಬ್ಬರ್ ಬುರುಡೆ ಅದುಮಿ ಬಾರಿಸುವ ಆ ಹಾರನ್ ಕೇಳಿಸಿತೆಂದರೆ ಶಿರಾದ ನಮ್ಮ ಬೀದಿಗೆಲ್ಲ ಗೊತ್ತು, ಮಧುಗಿರಿ ಬಸ್ಸು ಹೊರಡುತ್ತಿದೆ ಅಂತ. ಯುದ್ಧದ ಕಾಲ ಅದು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಹಾರನ್ನಿನ ಬೆನ್ನಿಗೇ ನಮ್ಮ ಅಜ್ಜಿಯ ಮನೆಯೊಳಗಿಂದ ಇನ್ನೊಂದು ಶಬ್ದ: ಆಕ್ಷೀ! ಒಂದೇ ಒಂದು.

ಸೀನಿದವಳು ಚಿಕ್ಕಮ್ಮ, ನನ್ನ ತಾಯಿಯ ತಂಗಿ. ಗಂಡ ಹೋದ ಮೇಲೆ ತವರಿಗೆ ಬಂದು ಓದಿ ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರ್ ಕೆಲಸ ಖಾಲಿಯಿತ್ತು. ಸ್ಕೂಲ್ ಇನ್ಸ್‌ಪೆಕ್ಟ್ರೆಸ್ ಎದುರು ಒಂದು ಇಂಟರ್‌ವ್ಯೂ ಮುಗಿಸಿದರೆ ಆಯಿತು. ಆದರೆ ಹೊರಡುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ಹೋಗುವುದು ಹೇಗೆ? ಒಳಗೆ ಬಂದು ಕೂರಬೇಕು, ನೀರು ಕುಡಿಯಬೇಕು. ಅಷ್ಟರಲ್ಲಿ ಬಸ್ಸು ಊರು ದಾಟಿರುತ್ತಿತ್ತು. ಎರಡು ಸಲ ಹೀಗೇ ತಪ್ಪಿತು. ಇನ್ನೊಮ್ಮೆ ಬರದಿದ್ದರೆ ಬೇರೆಯವರನ್ನು ತಗೊಳ್ಳುತ್ತೇವೆ ಅಂತ ಮಧುಗಿರಿಯಿಂದ ಹೇಳಿ ಕಳಿಸಿದರು.

ನಾನು ಬೆಂಗಳೂರಿನ ಕಾನ್ವೆಂಟಿನಿಂದ ರಜಕ್ಕೆ ಬಂದಿದ್ದೆ. ಶಕುನ ಎಲ್ಲ ಸೂಪರ್‌ಸ್ಟಿಷನ್ ಅಂತ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ನನ್ನ ತಲೆ ಕೊರೆಯುತ್ತಿದ್ದುದು ಬೇರೆ: ದಿನವೆಲ್ಲ ಸುಮ್ಮನಿರುವ ಮೂಗಿಗೆ ಬಸ್ಸಿನ ಟೈಮ್ ಹೇಗೆ ಗೊತ್ತಾಗುತ್ತದೆ?

ಮೂರನೆಯ ಸಲ ಹೊರಡುವ ದಿನ ಅವಳ ಹಿಂದೆಯೇ ಸುತ್ತಿದೆ. ಬಿಳಿ ಸೀರೆ, ಹಣೆಗೆ ವಿಭೂತಿ, ಎಲ್ಲ ತಯಾರು. ಹಾರನ್ ಆಯಿತು. ಚಿಕ್ಕಮ್ಮ ಅಡುಗೆಮನೆ ಬಾಗಿಲ ಮರೆಗೆ ಸರಿದು, ಸೊಂಟದಿಂದ ಅಜ್ಜಿಯ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಮೂಗಿಗೆ ಏರಿಸಿದಳು. ಆಕ್ಷೀ!

ನಾನು ತಿರುಗಿದರೆ ಹಿಂದೆ ಅಜ್ಜಿ ನಿಂತಿದ್ದಾಳೆ.

"ನನ್ನ ಡಬ್ಬಿ ಇಲ್ಲೈತೆ ಅನ್ನು. ಯಾಕವ್ವಾ ಇಂಗೆ ಮಾಡ್ತೀಯ?"

ಚಿಕ್ಕಮ್ಮ ಗೋಡೆ ನೋಡುತ್ತ ಅಂದಳು: "ಹೋಗದಿದ್ರೆ ಶಕುನ ಕೆಟ್ಟಿತ್ತು ಅಂತಾರೆ. ಹೋಗಿ ಬ್ಯಾಡ ಅನ್ನಿಸ್ಕೊಂಡು ಬಂದ್ರೆ, ಇವಳ ಕೈಲಾಗಲಿಲ್ಲ ಅಂತಾರೆ ಕಣವ್ವ."

"ಅನ್ನಲಿ ಬುಡು. ಅಂದೋರೇನು ಬಂದು ನಿಂಗೆ ರೊಟ್ಟಿ ತಟ್ಟಿಕ್ಕಾರಾ?" ಅಜ್ಜಿ ನನ್ನ ಕಡೆ ತಿರುಗಿದಳು. "ಬಾರೇ ಇಲ್ಲಿ. ನನ್ನ ಮೂಗು ಸೀನೋದು ಮರೆತು ಯಾವ ಕಾಲ ಆಯ್ತೋ. ನಿನ್ನ ಇಂಗ್ಲೀಷ್ ಮೂಗು ಕೊಡು."

ಚಿಟಿಕೆ ಏರಿತು. ಆಕ್ಷೀ!

"ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೇದು. ಜೋಡಿ ಆಯ್ತು, ನಡಿ."

"ಬೇರೆಯೋರ ಸೀನು ಲೆಕ್ಕಕ್ಕೆ ಬತ್ತದಾ?" ಅಂದಳು ಚಿಕ್ಕಮ್ಮ.

"ಒಂದೇ ಮನೆ ಮೂಗು ಕಣೇ, ಬರದೆ ಏನು!"

ಚಿಕ್ಕಮ್ಮ ಹೊಸ್ತಿಲಿಗೆ ಕಾಲಿಟ್ಟಳು. ಅಷ್ಟರಲ್ಲಿ ನನ್ನ ಮೂಗು ಕೇಳಲಿಲ್ಲ. ಎಷ್ಟು ಹಿಡಿದುಕೊಂಡರೂ ಬಂದೇಬಿಟ್ಟಿತು, ಇನ್ನೊಂದು ಆಕ್ಷೀ!

ಮೂವರೂ ನಿಂತಲ್ಲೇ ನಿಂತೆವು. ಮೂರು ಸೀನಿಗೆ ಏನು ಫಲ? ಅಜ್ಜಿಗೂ ಗೊತ್ತಿರಲಿಲ್ಲ. ಹೊರಗೆ ಹಾರನ್ ಮತ್ತೆ ಕೇಳಿಸಿತು. ಚಿಕ್ಕಮ್ಮ ಕೈಯಲ್ಲಿದ್ದ ಡಬ್ಬಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅದನ್ನು ಅಜ್ಜಿಯ ಅಂಗೈಗೆ ಹಾಕಿ, "ಮೂರಕ್ಕೆ ಏನಾಯ್ತದೋ, ಹೋಗೇ ನೋಡ್ತೀನಿ," ಅಂದವಳೇ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಕಡೆ ಓಡಿದಳು.

ಕೆಲಸ ಸಿಕ್ಕಿತು.

ಕೆಲವು ವರ್ಷಗಳಾದ ಮೇಲೆ ಅವಳಿಗೆ ಪಾವಗಡಕ್ಕೆ ಹೆಡ್‌ಮಿಸ್ಟ್ರೆಸ್ ಆಗಿ ವರ್ಗವಾಯಿತು. ಆಗ ನನ್ನ ಮದುವೆ ಗೊತ್ತಾಗಿತ್ತು, ದೂರದ ಊರಿಗೆ. ಬೀಳ್ಕೊಡಲು ಮಧುಗಿರಿಗೆ ಹೋದೆ. ಪಾವಗಡದ ಮಕ್ಕಳಿಗೆ ತೆಲುಗೇ ಬಾಯಿಗೆ ಮೊದಲು, ತನ್ನ ಪಾಠ ಅರ್ಥವಾಗುತ್ತೋ ಇಲ್ಲವೋ ಅಂತ ಅವಳಿಗೆ ಒಳಗೊಳಗೇ ಅಳುಕು. ಬಸ್ಸು ಹತ್ತಿ ಕೂತಳು. ಕೆಂಪು ಧೂಳು ಎದ್ದಿತು, ಅವಳು ಸೀನಿದಳು. ಒಂದೇ.

ಕಂಡಕ್ಟರ್ ಗಾಬರಿಯಾದ. "ಇಳಿದು ನೀರು ಕುಡಿದು ಬನ್ನಿ ಅಮ್ಮಾವ್ರೇ, ಬಸ್ ನಿಲ್ಲಿಸ್ತೀನಿ."

"ನೀರು ಪಾವಗಡದಲ್ಲೇ ಕುಡೀತೀನಿ, ನೀನು ನಡೆಸಪ್ಪ."

ಕಿಟಕಿಯಿಂದ ನನ್ನ ಕಡೆ ನೋಡಿ, ಬೆರಳಿನಿಂದ ತನ್ನ ಮೂಗು ತಟ್ಟಿಕೊಂಡು ನಕ್ಕಳು. ನಾನೂ ಒಂದು ಸೀನೋಣ ಅಂತ ಆ ಧೂಳನ್ನೆಲ್ಲ ಎಳೆದುಕೊಂಡೆ. ಬರಲಿಲ್ಲ. ಬಸ್ಸು ತಿರುವು ದಾಟಿತು. ಚಿಕ್ಕಮ್ಮನನ್ನು ಮತ್ತೆ ನಾನು ನೋಡಲಿಲ್ಲ.